ಬಲ ಮೊದಲು, ಸ್ನಾಯು ಆಮೇಲೆ: ಮಾನವ ಚಲನ ವಿಜ್ಞಾನ ಪದವಿಯನ್ನು ಓದುವ ಬಗೆ

ಮಾನವ ಚಲನ ವಿಜ್ಞಾನಕ್ಕೆ ಸೇರಿದವರು ಮೊದಲ ವರ್ಷ ಎಡವುವ ಜಾಗ ಬಹುಮಟ್ಟಿಗೆ ಒಂದೇ. ಅಂಗರಚನೆಯ ಪುಸ್ತಕ ತೆರೆದು ಸ್ನಾಯುವಿನ ಹೆಸರು, ಅದು ಹೊರಡುವ ಮೂಳೆ, ಹೋಗಿ ಸೇರುವ ಮೂಳೆ, ಅದಕ್ಕೆ ಬರುವ ನರ, ಅದರ ಕೆಲಸ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಕಿರುಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆಮೇಲೆ ಬಯೋಮೆಕ್ಯಾನಿಕ್ಸ್ ತರಗತಿಯಲ್ಲಿ, ಕುರ್ಚಿಯಿಂದ ಏಳುವಾಗ ತೊಡೆಯ ಮುಂದಿನ ಸ್ನಾಯುವೂ ಹಿಂದಿನ ಸ್ನಾಯುವೂ ಏಕೆ ಒಟ್ಟಿಗೆ ಬಿಗಿಯುತ್ತವೆ ಎಂದು ಕೇಳಿದರೆ ಆ ಪಟ್ಟಿಯಲ್ಲಿ ಉತ್ತರ ಇರುವುದಿಲ್ಲ. ವಿದ್ಯಾರ್ಥಿ ತನ್ನ ನೆನಪಿನ ಶಕ್ತಿ ಸಾಲದೆಂದು ಕೊರಗಿ ಪಟ್ಟಿಯನ್ನು ಇನ್ನೂ ಹತ್ತು ಸಲ ಓದುತ್ತಾನೆ. ತೊಂದರೆ ನೆನಪಿನದಲ್ಲ, ಓದುವ ಕ್ರಮದ್ದು. ಈ ವಿಷಯದಲ್ಲಿ ಸ್ನಾಯುವಿನ ಹೆಸರು ಪ್ರಶ್ನೆಯ ಕೊನೆಯಲ್ಲಿ ಬರಬೇಕಾದ ಉತ್ತರ. ಅದನ್ನೇ ಮೊದಲಿಗೆ ಇಟ್ಟುಕೊಂಡರೆ ಇಡೀ ಪದವಿ ಬಾಯಿಪಾಠದ ಭಾರವಾಗುತ್ತದೆ. ದೇಹದ ಮೇಲೆ ಹೊರಗಿನಿಂದ ಯಾವ ಬಲ ಬೀಳುತ್ತಿದೆ ಎಂಬಲ್ಲಿಂದ ಹೊರಟರೆ ಅದೇ ಪದವಿ ನಡೆದಾಡುವವರನ್ನೆಲ್ಲ ಬೇರೆ ಕಣ್ಣಿನಿಂದ ನೋಡುವಂತೆ ಮಾಡುತ್ತದೆ.

ಈ ಪದವಿಗೆ ದೇಶಕ್ಕೊಂದು ಹೆಸರಿದೆ. ಉತ್ತರ ಅಮೆರಿಕದಲ್ಲಿ ಕೈನೀಸಿಯಾಲಜಿ, ನೆದರ್ಲೆಂಡ್ಸ್ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಹ್ಯೂಮನ್ ಮೂವ್‌ಮೆಂಟ್ ಸೈನ್ಸ್, ಇನ್ನು ಕೆಲವೆಡೆ ಎಕ್ಸರ್‌ಸೈಜ್ ಸೈನ್ಸ್. ನಮ್ಮಲ್ಲಿ ಇದೇ ಹೆಸರಿನ ಪದವಿ ಅಪರೂಪ. ಆದರೆ ಇದರ ಪಾಠಗಳು ಫಿಸಿಯೋಥೆರಪಿ (ಬಿಪಿಟಿ), ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಜ್ಞಾನದ ಪದವಿಗಳಲ್ಲಿ ಹಂಚಿಹೋಗಿವೆ. ಎಲ್ಲೇ ಓದಿದರೂ ತಿರುಳು ನಾಲ್ಕೈದು ವಿಷಯ: ಅಂಗರಚನೆ, ಬಯೋಮೆಕ್ಯಾನಿಕ್ಸ್, ವ್ಯಾಯಾಮದ ಶರೀರಕ್ರಿಯೆ, ಚಲನೆಯನ್ನು ಮಿದುಳು ನಿಯಂತ್ರಿಸುವ ಮತ್ತು ಕಲಿಯುವ ಬಗೆ, ಜೊತೆಗೆ ಸಂಖ್ಯಾಶಾಸ್ತ್ರ. ಇಟಲಿಯ ಬೊರೆಲ್ಲಿ ಬರೆದ ಪ್ರಾಣಿಗಳ ಚಲನೆಯ ಕುರಿತ ಗ್ರಂಥ ಅಚ್ಚಾದದ್ದು 1680ರ ಸುಮಾರಿಗೆ. ಸ್ನಾಯುಗಳು ಕೀಲಿಗೆ ತೀರ ಹತ್ತಿರದಲ್ಲಿ ಅಂಟಿಕೊಂಡಿರುವುದರಿಂದ ಎತ್ತುವ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಲ ಹಾಕಬೇಕಾಗುತ್ತದೆ ಎಂದು ಅವನು ಲೆಕ್ಕ ಹಾಕಿ ತೋರಿಸಿದ. ಇಷ್ಟು ಇತಿಹಾಸ ಸಾಕು, ಏಕೆಂದರೆ ಮುಂದಿನ ಮಾತೆಲ್ಲ ಆ ಲೆಕ್ಕದ ಮೇಲೇ ನಿಂತಿದೆ.

ಪಟ್ಟಿ ಏಕೆ ಕೈಕೊಡುತ್ತದೆ

ಪಟ್ಟಿಯಲ್ಲಿ ಬೈಸೆಪ್ಸ್‌ನ ಎದುರು 'ಮೊಣಕೈ ಮಡಿಸುತ್ತದೆ' ಎಂದೂ ಟ್ರೈಸೆಪ್ಸ್‌ನ ಎದುರು 'ಮೊಣಕೈ ಚಾಚುತ್ತದೆ' ಎಂದೂ ಇರುತ್ತದೆ. ಈಗ ನೀರು ತುಂಬಿದ ಒಂದು ತಂಬಿಗೆಯನ್ನು ಅಂಗೈ ಮೇಲೆ ಹಿಡಿದು ನಿಧಾನವಾಗಿ ಕೆಳಗಿಳಿಸಿ. ಮೊಣಕೈ ಚಾಚಿಕೊಳ್ಳುತ್ತಿದೆ. ಪಟ್ಟಿಯ ಪ್ರಕಾರ ಕೆಲಸ ಟ್ರೈಸೆಪ್ಸ್‌ನದು. ಇನ್ನೊಂದು ಕೈಯಿಂದ ಮುಟ್ಟಿ ನೋಡಿದರೆ ಬಿಗಿಯಾಗಿರುವುದು ಬೈಸೆಪ್ಸ್. ತಂಬಿಗೆಯನ್ನು ಬದಿಗಿಟ್ಟು ಅದೇ ಅಂಗೈಯಿಂದ ಮೇಜನ್ನು ಕೆಳಕ್ಕೆ ಒತ್ತಿದರೆ ಟ್ರೈಸೆಪ್ಸ್ ಗಟ್ಟಿಯಾಗುತ್ತದೆ. ಎರಡು ಸಲವೂ ಕೈ ಹೋಗಲು ನೋಡುತ್ತಿರುವುದು ಒಂದೇ ದಿಕ್ಕಿಗೆ. ಕೆಲಸ ಮಾಡುವ ಸ್ನಾಯು ಮಾತ್ರ ಬೇರೆ. ವ್ಯತ್ಯಾಸ ಇರುವುದು ಹೊರಗಿನ ಬಲದಲ್ಲಿ. ಮೊದಲ ಸಲ ಗುರುತ್ವ ಕೈಯನ್ನು ಕೆಳಗೆಳೆಯುತ್ತಿತ್ತು, ಅದನ್ನು ತಡೆಯುತ್ತಾ ಬೈಸೆಪ್ಸ್ ಉದ್ದವಾಗುತ್ತಿತ್ತು. ಎರಡನೇ ಸಲ ಮೇಜು ಕೈಯನ್ನು ಮೇಲಕ್ಕೆ ತಳ್ಳುತ್ತಿತ್ತು. ಪಟ್ಟಿ ಹೇಳುವುದು ಸ್ನಾಯು ಕುಗ್ಗಿದಾಗ, ಬೇರಾವ ಬಲವೂ ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು. ಅಂಥ ಸನ್ನಿವೇಶ ದಿನನಿತ್ಯದ ಬದುಕಿನಲ್ಲಿ ಸಿಗುವುದೇ ಕಡಿಮೆ.

ಬಲದ ಜೊತೆಗೆ ದೂರವನ್ನೂ ಸೇರಿಸಿದಾಗ ಚಿತ್ರ ಪೂರ್ತಿಯಾಗುತ್ತದೆ. ಬಾಗಿಲನ್ನು ಕೀಲಿನ ಪಕ್ಕದಲ್ಲಿ ತಳ್ಳಿದರೆ ಕಷ್ಟ, ಅಂಚಿನಲ್ಲಿ ತಳ್ಳಿದರೆ ಹಗುರ. ಈ ತಿರುಗಿಸುವ ಸಾಮರ್ಥ್ಯವೇ ಪಿಯುಸಿಯಲ್ಲಿ ಓದಿದ ಟಾರ್ಕ್, ಬಲವನ್ನು ದೂರದಿಂದ ಗುಣಿಸಿದಾಗ ಬರುವ ಗುಣಲಬ್ಧ. ಮೊಣಕೈಯಿಂದ ಅಂಗೈ ಸುಮಾರು 35 ಸೆಂ.ಮೀ. ದೂರ, ಬೈಸೆಪ್ಸ್ ಎಳೆಯುವ ಜಾಗ ಕೀಲಿನಿಂದ ಸುಮಾರು 5 ಸೆಂ.ಮೀ. ದೂರ ಎಂದಿಟ್ಟುಕೊಳ್ಳಿ. ಅಂಗೈ ಮೇಲೆ 2 ಕಿಲೋ ಇದ್ದರೆ ಬೈಸೆಪ್ಸ್ 14 ಕಿಲೋ ತೂಕದಷ್ಟು ಬಲ ಹಾಕಬೇಕು, ಮುಂಗೈಯ ಸ್ವಂತ ಭಾರ ಬೇರೆ. ಇದು ದೇಹದ ದೋಷವೇನಲ್ಲ. ಸ್ನಾಯು ಒಂದೆರಡು ಸೆಂಟಿಮೀಟರ್ ಕುಗ್ಗಿದರೆ ಅಂಗೈ ಅದರ ಏಳು ಪಟ್ಟು ದೂರ ಚಲಿಸುತ್ತದೆ. ಬಲವನ್ನು ಕೊಟ್ಟು ವೇಗವನ್ನು ಕೊಳ್ಳುವ ವ್ಯವಸ್ಥೆ ಇದು.

ಇದೇ ಲೆಕ್ಕ ಆಸ್ಪತ್ರೆಯ ಒಂದು ನಿತ್ಯದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಎಡ ಸೊಂಟದ ಕೀಲು ನೋಯುತ್ತಿರುವವರು ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ನೋಯುವ ಬದಿಯಲ್ಲಿ ಎಂದು ಅನೇಕರಿಗೆ ತೋಚುತ್ತದೆ. ಎಡಗಾಲಿನ ಮೇಲಷ್ಟೇ ನಿಂತಾಗ ದೇಹದ ಭಾರದ ರೇಖೆ ಆ ಕೀಲಿನ ಬಲಕ್ಕೆ ಬೀಳುತ್ತದೆ, ಹಾಗಾಗಿ ಸೊಂಟ ಬಲಕ್ಕೆ ವಾಲಲು ನೋಡುತ್ತದೆ. ಅದನ್ನು ತಡೆಯುವುದು ಎಡ ಬದಿಯ ಗ್ಲೂಟಿಯಸ್ ಮೀಡಿಯಸ್ ಮತ್ತು ಅದರ ಜೊತೆಗಾರ ಸ್ನಾಯುಗಳು. ಕೀಲಿನಿಂದ ಅವುಗಳ ದೂರ ಭಾರದ ದೂರದ ಅರ್ಧದಷ್ಟೇ ಇರುವುದರಿಂದ ಅವು ಸುಮಾರು ಎರಡರಷ್ಟು ಬಲ ಹಾಕಬೇಕು. ಕೀಲಿನ ಮೇಲೆ ಭಾರವೂ ಬೀಳುತ್ತದೆ, ಸ್ನಾಯುವಿನ ಎಳೆತವೂ ಬೀಳುತ್ತದೆ. ಬರ್ಲಿನ್‌ನಲ್ಲಿ ಕೃತಕ ಕೀಲಿನ ಒಳಗೇ ಅಳೆಯುವ ಉಪಕರಣ ಕೂರಿಸಿ ನೋಡಿದ ಅಧ್ಯಯನದಲ್ಲಿ ಸಾಧಾರಣ ನಡಿಗೆಯಲ್ಲೇ ಸೊಂಟದ ಕೀಲಿನ ಮೇಲೆ ದೇಹದ ತೂಕದ ಎರಡೂವರೆ ಪಟ್ಟಿಗೆ ಹತ್ತಿರದ ಬಲ ಕಂಡುಬಂತು. ಈಗ ಕೋಲನ್ನು ಬಲಗೈಗೆ ಕೊಡಿ. ನೆಲ ಕೋಲನ್ನು ಮೇಲಕ್ಕೆ ತಳ್ಳುವ ಜಾಗ ಎಡ ಕೀಲಿನಿಂದ ಬಹಳ ದೂರದಲ್ಲಿದೆ. ಅಲ್ಲಿ ಸ್ವಲ್ಪ ಒತ್ತಿದರೂ ಎಡ ಸ್ನಾಯುವಿನ ಹೊರೆ ತುಂಬಾ ಇಳಿಯುತ್ತದೆ. ಅದಕ್ಕೇ ಕೋಲು ಎದುರು ಕೈಯಲ್ಲಿರಬೇಕು. ಆ ಸ್ನಾಯು ಸೋತಾಗ ಎತ್ತಿದ ಕಾಲಿನ ಬದಿಗೆ ಸೊಂಟ ಕುಸಿಯುವುದನ್ನು ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ. ಬಲದ ಈ ಚಿತ್ರವನ್ನು ಒಮ್ಮೆ ಬಿಡಿಸಿದವರು ಗ್ಲೂಟಿಯಸ್ ಮೀಡಿಯಸ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕಾಗಿಲ್ಲ.

ಕಂಬಳದ ಓಟವನ್ನು ಹೇಗೆ ನೋಡಬೇಕು

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಟ್ಟಿದ ಸುದ್ದಿ ದೇಶವನ್ನೆಲ್ಲ ಸುತ್ತಿತು. 100 ಮೀಟರಿಗೆ ಭಾಗಿಸಿ 9.55 ಸೆಕೆಂಡ್ ಎಂದರು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಓಡಿದ್ದು 9.58. ಹೋಲಿಕೆ ಕಾಳ್ಗಿಚ್ಚಿನಂತೆ ಹಬ್ಬಿತು. ಚಲನ ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಓಟಗಾರನನ್ನು ಮುಂದಕ್ಕೆ ದೂಡುತ್ತಿರುವ ಹೊರಗಿನ ಬಲಗಳು ಯಾವುವು ಎಂಬುದು. ಬೋಲ್ಟ್‌ಗೆ ಇದ್ದದ್ದು ನೆಲ ಒಂದೇ. ಪಾದ ಹಿಂದಕ್ಕೆ ಒತ್ತಿದಷ್ಟೇ ನೆಲ ಮುಂದಕ್ಕೆ ತಳ್ಳುತ್ತದೆ. ಕಂಬಳದಲ್ಲಿ ಕೋಣಗಳ ಎಳೆತವೂ ಕೈಯ ಮೂಲಕ ಬಂದು ಸೇರುತ್ತದೆ. ಇನ್ನೊಂದು ಕಡೆ ಕೆಸರುನೀರು ಹಿಂದಕ್ಕೆ ತಡೆಯುತ್ತದೆ. ಎರಡನೆಯ ಪ್ರಶ್ನೆ ಸರಾಸರಿಯದು. ನಿಂತಲ್ಲಿಂದ ಹೊರಡುವವನ ಮೊದಲ ಕೆಲವು ಮೀಟರುಗಳು ಯಾವಾಗಲೂ ನಿಧಾನ, ಓಟ ಉದ್ದವಾದಷ್ಟೂ ಆ ನಷ್ಟ ಹಂಚಿಹೋಗುತ್ತದೆ, ಹಾಗಾಗಿ 142.5 ಮೀಟರಿನ ಸರಾಸರಿಯನ್ನು 100 ಮೀಟರಿಗೆ ಇಳಿಸುವುದು ನ್ಯಾಯವಾದ ಭಾಗಾಕಾರವಲ್ಲ. ಇದರಿಂದ ಗೌಡರ ಸಾಧನೆ ಕಿರಿದಾಗುವುದಿಲ್ಲ. ಸೆಕೆಂಡಿಗೆ 10 ಮೀಟರಿಗೂ ಮಿಕ್ಕ ವೇಗದಲ್ಲಿ, ತನ್ನದಲ್ಲದ ಎಳೆತಕ್ಕೆ ಹೆಜ್ಜೆ ಹೊಂದಿಸುತ್ತಾ ಕೆಸರಿನಲ್ಲಿ ಬೀಳದೆ ಇರುವುದು ಓಟದ ಪಥದಲ್ಲಿ ಯಾರೂ ಅಳೆಯದ ಕೌಶಲ. ಅದನ್ನು ಅದರದೇ ಅಳತೆಯಲ್ಲಿ ಅಧ್ಯಯನ ಮಾಡುವ ಕೆಲಸ ಕರಾವಳಿಯ ವಿದ್ಯಾರ್ಥಿಗಳನ್ನು ಕಾಯುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವುದೇ ಚಲನೆಯನ್ನು ಬಿಡಿಸುವ ಕ್ರಮ

1. ಚಲನೆಯನ್ನು ಹಂತಗಳಾಗಿ ಒಡೆಯಿರಿ. ನಡಿಗೆಯನ್ನೇ ತೆಗೆದುಕೊಂಡರೆ ಒಂದು ಕಾಲಿನ ಒಂದು ಸುತ್ತಿನಲ್ಲಿ ಸುಮಾರು ಶೇ. 60 ಭಾಗ ಪಾದ ನೆಲದ ಮೇಲಿರುತ್ತದೆ, ಶೇ. 40 ಭಾಗ ಗಾಳಿಯಲ್ಲಿ. ಈ ಎರಡು ಭಾಗಗಳಲ್ಲಿ ಅದೇ ಸ್ನಾಯು ಬೇರೆ ಬೇರೆ ಕೆಲಸ ಮಾಡುತ್ತದೆ, ಒಟ್ಟಿಗೆ ಉತ್ತರಿಸಲು ಹೊರಟರೆ ಗೊಂದಲ ಖಚಿತ.

2. ಪ್ರತಿ ಹಂತಕ್ಕೂ ಕಡ್ಡಿಗೊಂಬೆಯ ಚಿತ್ರ ಬರೆದು ಹೊರಗಿನ ಬಲಗಳನ್ನು ಬಾಣದಿಂದ ಗುರುತಿಸಿ: ದೇಹದ ತೂಕ, ನೆಲದ ಒತ್ತು, ಕೈಯಲ್ಲಿರುವ ಭಾರ, ನೀರು, ಹಗ್ಗ. ಈ ಹಂತದಲ್ಲಿ ಒಂದು ಸ್ನಾಯುವಿನ ಹೆಸರನ್ನೂ ಬರೆಯಬೇಡಿ.

3. ಒಂದೊಂದು ಕೀಲಿನ ಬಳಿಯೂ ಆ ಬಾಣ ಕೀಲಿನ ಮುಂದೆ ಹಾದುಹೋಗುತ್ತದೆಯೋ ಹಿಂದೆಯೋ ನೋಡಿ. ಬಸ್ಕಿ ಹೊಡೆಯುವಾಗ ಅರ್ಧ ಕುಳಿತ ಸ್ಥಿತಿಯಲ್ಲಿ ಭಾರದ ರೇಖೆ ಮೊಣಕಾಲಿನ ಹಿಂದೆ, ಸೊಂಟದ ಕೀಲಿನ ಮುಂದೆ ಬೀಳುತ್ತದೆ. ಅಂದರೆ ಎರಡೂ ಕೀಲುಗಳನ್ನು ಇನ್ನಷ್ಟು ಮಡಿಸಲು ಗುರುತ್ವ ಕಾದಿದೆ.

4. ಈಗ ಅದನ್ನು ತಡೆಯಬಲ್ಲ ಬದಿಯ ಸ್ನಾಯುವನ್ನು ಹೆಸರಿಸಿ. ಅದು ಕುಗ್ಗುತ್ತಿದೆಯೋ, ಉದ್ದವಾಗುತ್ತಾ ತಡೆಯುತ್ತಿದೆಯೋ, ಉದ್ದ ಬದಲಾಗದೆ ಹಿಡಿದಿದೆಯೋ ಬರೆಯಿರಿ. ಬಸ್ಕಿಯಲ್ಲಿ ಇಳಿಯುವಾಗಲೂ ಏಳುವಾಗಲೂ ಕೆಲಸ ಮಾಡುವುದು ತೊಡೆಯ ಮುಂದಿನ ಕ್ವಾಡ್ರಿಸೆಪ್ಸ್ ಮತ್ತು ಪೃಷ್ಠದ ಸ್ನಾಯುಗಳೇ ಎಂಬುದು ಆಗ ತಾನಾಗಿಯೇ ಹೊರಬರುತ್ತದೆ.

5. ಕೊನೆಗೆ ಕೈಯಿಟ್ಟು ಮುಟ್ಟಿ, ಉತ್ತರ ಸರಿಯೇ ನೋಡಿ.

ಲೇಖನದ ಮೊದಲಿಗೆ ಬಂದ ಕುರ್ಚಿಯ ಪ್ರಶ್ನೆಯನ್ನೂ ಈ ದಾರಿಯಲ್ಲೇ ಬಿಡಿಸಬಹುದು. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸೊಂಟವನ್ನು ಚಾಚಬಲ್ಲದು, ಆದರೆ ಮೊಣಕಾಲನ್ನು ಮಡಿಸಲು ಎಳೆಯುತ್ತದೆ. ಮುಂದಿನ ರೆಕ್ಟಸ್ ಫೆಮೊರಿಸ್ ಮೊಣಕಾಲನ್ನು ಚಾಚುತ್ತದೆ, ಸೊಂಟವನ್ನು ಮಡಿಸಲು ಎಳೆಯುತ್ತದೆ. ಎರಡೂ ಒಟ್ಟಿಗೆ ಬಿಗಿದರೆ ಒಂದನ್ನೊಂದು ರದ್ದು ಮಾಡಬೇಕಲ್ಲವೇ ಎಂಬ ಈ ಒಗಟಿಗೆ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಲೊಂಬಾರ್ಡ್‌ನ ಹೆಸರಿದೆ. ಉತ್ತರ ಇರುವುದು ಕೀಲಿಗೂ ಎಳೆತದ ರೇಖೆಗೂ ನಡುವಿನ ದೂರದಲ್ಲಿ. ಹ್ಯಾಮ್‌ಸ್ಟ್ರಿಂಗ್‌ನ ಎಳೆತದ ರೇಖೆ ಮೊಣಕಾಲಿಗಿಂತ ಸೊಂಟದ ಕೀಲಿನಿಂದ ಹೆಚ್ಚು ದೂರ. ರೆಕ್ಟಸ್ ಫೆಮೊರಿಸ್‌ನದು ಸೊಂಟಕ್ಕಿಂತ ಮೊಣಕಾಲಿನಲ್ಲಿ ಹೆಚ್ಚು ಪ್ರಯೋಜನಕಾರಿ. ಪ್ರತಿ ಕೀಲಿನಲ್ಲೂ ಚಾಚುವ ಟಾರ್ಕೇ ಗೆಲ್ಲುತ್ತದೆ, ಮನುಷ್ಯ ಎದ್ದು ನಿಲ್ಲುತ್ತಾನೆ.

ಮೂರು ಆಕ್ಷೇಪಗಳು

'ನಾನು ಪಿಯುಸಿಯಲ್ಲಿ ಗಣಿತ ತೆಗೆದುಕೊಂಡಿರಲಿಲ್ಲ, ಈ ಲೆಕ್ಕ ನನಗೆ ಆಗದು' ಎನ್ನುವವರು ಬಹಳ. ಪದವಿಯ ಮಟ್ಟದಲ್ಲಿ ಬೇಕಾಗುವ ಗಣಿತ ನೀವು ಹೆದರಿದಷ್ಟು ದೊಡ್ಡದಲ್ಲ. ಒಂದು ಬಲವನ್ನು ಎರಡು ದಿಕ್ಕಿಗೆ ಒಡೆಯಲು ಸೈನ್, ಕೊಸೈನ್, ನ್ಯೂಟನ್ನನ ಮೂರು ನಿಯಮ, ಟಾರ್ಕ್‌ನ ಗುಣಾಕಾರ, ನಕ್ಷೆಯ ಇಳಿಜಾರು ಏನು ಹೇಳುತ್ತದೆ, ಅದರ ಕೆಳಗಿನ ವಿಸ್ತೀರ್ಣ ಏನು ಹೇಳುತ್ತದೆ ಎಂಬ ತಿಳಿವಳಿಕೆ. ಹತ್ತನೇ ತರಗತಿಯ ತ್ರಿಕೋನಮಿತಿ ಮತ್ತು ಪಿಯುಸಿ ಭೌತಶಾಸ್ತ್ರದ ಮೊದಲ ಅಧ್ಯಾಯಗಳನ್ನು ತರಗತಿ ಶುರುವಾಗುವ ಮುನ್ನ ಮತ್ತೆ ಬಿಡಿಸಿಕೊಂಡರೆ ಮೊದಲ ವರ್ಷ ದಾಟಲು ಅಡಿಪಾಯ ಸಿಕ್ಕಂತೆ. ಸಂಖ್ಯಾಶಾಸ್ತ್ರದ ಬಗ್ಗೆ ಮಾತ್ರ ರಿಯಾಯಿತಿ ಇಲ್ಲ. ಅದಿಲ್ಲದೆ ಸಂಶೋಧನಾ ಪ್ರಬಂಧ ಓದಲಾಗುವುದಿಲ್ಲ, ಪ್ರಬಂಧ ಓದಲಾಗದವರು ಈ ಕ್ಷೇತ್ರದಲ್ಲಿ ಹಳೆಯ ಪುಸ್ತಕದಲ್ಲೇ ನಿಂತುಬಿಡುತ್ತಾರೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಮೌಖಿಕ ಪರೀಕ್ಷೆಯಲ್ಲಿ ಕೇಳುವುದು ಹೆಸರನ್ನೇ, ನರವನ್ನೇ, ಬಲದ ಚಿತ್ರ ಬಿಡಿಸುತ್ತಾ ಕೂತರೆ ಅಂಕ ಯಾರು ಕೊಡುತ್ತಾರೆ? ಇದರಲ್ಲಿ ಸತ್ಯವಿದೆ. ಹೆಸರು ನೆನಪಿರಲೇಬೇಕು, ಮೂಳೆಯ ಉಬ್ಬುತಗ್ಗು ಗೊತ್ತಿಲ್ಲದೆ ಎಳೆತದ ರೇಖೆಯನ್ನು ಎಳೆಯಲಾಗದು. ನನ್ನ ವಾದ ನೆನಪಿನ ವಿರುದ್ಧವಲ್ಲ, ನೆನಪು ಯಾವುದಕ್ಕೆ ಅಂಟಿಕೊಳ್ಳಬೇಕು ಎಂಬುದರ ಬಗ್ಗೆ. ಬಲದ ಚಿತ್ರಕ್ಕೆ ಅಂಟಿದ ಹೆಸರು ಎರಡನೇ ವರ್ಷಕ್ಕೂ ಉಳಿಯುತ್ತದೆ, ಪಟ್ಟಿಗೆ ಅಂಟಿದ ಹೆಸರು ಪರೀಕ್ಷೆ ಮುಗಿದ ವಾರ ಜಾರುತ್ತದೆ. ನರಗಳ ಹೆಸರಿನಂಥ, ಬಲದಿಂದ ಊಹಿಸಲಾಗದ ಸಂಗತಿಗಳಿಗೆ ಬಾಯಿಪಾಠವೇ ದಾರಿ. ಅವುಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಮೂರನೆಯದು ಪ್ರಯೋಗಾಲಯದ ಕೊರತೆ. ನೆಲದ ಒತ್ತನ್ನು ಅಳೆಯುವ ಫೋರ್ಸ್ ಪ್ಲೇಟ್ ದುಬಾರಿ, ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಮುಳ್ಳಿರುವ ಹಳೆಯ ತೂಕದ ಯಂತ್ರ ಸಿಕ್ಕರೆ ಅದರ ಮೇಲೆ ನಿಂತು ಥಟ್ಟನೆ ಬಸ್ಕಿಗೆ ಇಳಿಯಿರಿ, ಗೆಳೆಯರೊಬ್ಬರು ಮುಳ್ಳನ್ನು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರಿಸಲಿ. ಇಳಿಯಲು ಶುರು ಮಾಡಿದಾಗ ಮುಳ್ಳು ನಿಮ್ಮ ತೂಕಕ್ಕಿಂತ ಕೆಳಗೆ ಹೋಗುತ್ತದೆ, ಇಳಿತವನ್ನು ನಿಲ್ಲಿಸುವಾಗ ಮೇಲೇರುತ್ತದೆ. ತೂಕ ಬದಲಾಗಿಲ್ಲ, ದೇಹದ ವೇಗ ಬದಲಾಗುತ್ತಿರುವುದಕ್ಕೆ ನೆಲದ ಒತ್ತು ಬದಲಾಗಿದೆ. ನ್ಯೂಟನ್ನನ ಎರಡನೇ ನಿಯಮ ಇಷ್ಟು ಅಗ್ಗದಲ್ಲಿ ಬೇರೆಲ್ಲೂ ಕಾಣದು. ಡಿಜಿಟಲ್ ಯಂತ್ರ ಈ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಅಂಕಿ ಸ್ಥಿರವಾಗುವವರೆಗೆ ಕಾಯುತ್ತವೆ. ವಿಡಿಯೊದಲ್ಲಿ ಕೋನ ಅಳೆಯುವಾಗ ಕ್ಯಾಮೆರಾ ಚಲನೆಯ ಬದಿಗೆ ನೇರವಾಗಿ, ಕೀಲಿನ ಎತ್ತರದಲ್ಲಿ, ಅಲುಗಾಡದಂತೆ ಇರಲಿ. ಓರೆಯಾಗಿ ಹಿಡಿದರೆ ಕೋನವೇ ಸುಳ್ಳಾಗುತ್ತದೆ.

ಶರೀರಕ್ರಿಯೆಗೂ ಇದೇ ದಾರಿ

ವ್ಯಾಯಾಮದ ಶರೀರಕ್ರಿಯೆಯಲ್ಲಿ ಸೂತ್ರಗಳ ರಾಶಿಯೇ ಇದೆ. ಒಂದನ್ನು ಕೈವಶ ಮಾಡಿಕೊಂಡರೆ ಹಲವು ಕೈಗೆ ಬರುತ್ತವೆ. ದೇಹ ಬಳಸುವ ಆಮ್ಲಜನಕವೆಂದರೆ ಹೃದಯ ನಿಮಿಷಕ್ಕೆ ತಳ್ಳುವ ರಕ್ತವನ್ನು, ಅಪಧಮನಿ ಮತ್ತು ಅಭಿಧಮನಿಯ ರಕ್ತಗಳ ನಡುವಿನ ಆಮ್ಲಜನಕದ ವ್ಯತ್ಯಾಸದಿಂದ ಗುಣಿಸಿದಾಗ ಬರುವ ಗುಣಲಬ್ಧ. ಇದು ಫಿಕ್ ಸಮೀಕರಣ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 70 ಬಡಿತ, ಬಡಿತಕ್ಕೆ 70 ಮಿ.ಲೀ. ರಕ್ತ, ಅಂದರೆ ಸುಮಾರು 5 ಲೀಟರ್. ಲೀಟರಿಗೆ 50 ಮಿ.ಲೀ. ಆಮ್ಲಜನಕ ಬಳಕೆಯಾದರೆ 250 ಮಿ.ಲೀ. ಅದನ್ನು 70 ಕಿಲೋ ತೂಕದಿಂದ ಭಾಗಿಸಿದರೆ ಕಿಲೋಗೆ ನಿಮಿಷಕ್ಕೆ ಸುಮಾರು 3.5 ಮಿ.ಲೀ. ಪುಸ್ತಕದಲ್ಲಿ ಒಂದು 'ಮೆಟ್' ಎಂದು ಕೊಡುವ ಅಂಕಿ ಇದೇ. ತರಬೇತಿಯಿಂದ ಏನು ಹೆಚ್ಚುತ್ತದೆ ಎಂದು ಕೇಳಿದರೆ ಸಮೀಕರಣದ ಒಂದೊಂದು ಭಾಗವನ್ನೂ ಬೆರಳಿಟ್ಟು ತೋರಿಸಬಹುದು.

ಕಲಿಕೆಯ ಪಾಠವನ್ನು ನಿಮ್ಮ ಓದಿಗೇ ಬಳಸಿ

ಈ ಪದವಿಯಲ್ಲಿ ಚಲನೆಯ ಕಲಿಕೆ ಎಂಬ ವಿಷಯ ಇದೆ, ಅದರ ಸಂಶೋಧನೆ ನಿಮ್ಮ ಓದಿನ ಕೋಣೆಗೂ ಅನ್ವಯಿಸುತ್ತದೆ. 1979ರಲ್ಲಿ ಶೀ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈಯ ಕೆಲವು ಚಲನೆಗಳನ್ನು ಎರಡು ಗುಂಪಿಗೆ ಕಲಿಸಿದರು. ಒಂದು ಗುಂಪು ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಯಿತು, ಮತ್ತೊಂದು ಗುಂಪು ಎಲ್ಲವನ್ನೂ ಕಲಸಿ ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಮುಂದಿತ್ತು; ಕೆಲದಿನ ಬಿಟ್ಟು ಪರೀಕ್ಷಿಸಿದಾಗ ಕಲಸಿ ಕಲಿತವರು ಮುಂದೆ ಬಂದರು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಪಠ್ಯದ ಓದಿನಲ್ಲೂ ಇಂಥದೇ ತಿರುವನ್ನು ಕಂಡರು: ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರು ಮೇಲು, ಒಂದು ವಾರದ ನಂತರ ಪುಸ್ತಕ ಮುಚ್ಚಿ ತಮ್ಮನ್ನೇ ಪರೀಕ್ಷಿಸಿಕೊಂಡವರು ಮೇಲು. ಎರಡೂ ಸೇರಿ ಹೇಳುವುದು ಇಷ್ಟು: ಓದುವಾಗ ಸಲೀಸಾಗಿ ಅನ್ನಿಸುವುದು ಕಲಿತದ್ದಕ್ಕೆ ಸಾಕ್ಷಿಯಲ್ಲ. ಹಾಗಾಗಿ ಸೋಮವಾರವೆಲ್ಲ ಭುಜ, ಮಂಗಳವಾರವೆಲ್ಲ ಮೊಣಕೈ ಎಂದು ಹಂಚಬೇಡಿ. ದಿನಕ್ಕೆ ಮೂರು ಬೇರೆ ಬೇರೆ ಕೀಲುಗಳ ಚಲನೆಯನ್ನು ಖಾಲಿ ಹಾಳೆಯ ಮೇಲೆ, ಪುಸ್ತಕ ಮುಚ್ಚಿ, ಮೇಲಿನ ಐದು ಹಂತದಲ್ಲಿ ಬಿಡಿಸಿ. ಕನ್ನಡ ಮಾಧ್ಯಮದಿಂದ ಬಂದವರು ವಿವರಣೆಯನ್ನು ಮೊದಲು ಕನ್ನಡದಲ್ಲೇ ಬರೆದುಕೊಳ್ಳುವುದು ಒಳ್ಳೆಯದು. ತರ್ಕ ಗಟ್ಟಿಯಾದ ಮೇಲೆ ಇಂಗ್ಲಿಷ್ ಪದಗಳನ್ನು ಕೂರಿಸುವುದು ಕಡಿಮೆ ಶ್ರಮದ ಕೆಲಸ.

ಸಾಮಾನ್ಯ ತಪ್ಪುಗಳು

ಮಾರನೆಯ ದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ಬರೆಯುವುದು ಇವತ್ತಿಗೂ ನಿಂತಿಲ್ಲ. ಕಠಿಣ ವ್ಯಾಯಾಮದ ನಂತರ ಲ್ಯಾಕ್ಟೇಟ್ ಒಂದೆರಡು ಗಂಟೆಯೊಳಗೆ ವಿಶ್ರಾಂತಿಯ ಮಟ್ಟಕ್ಕೆ ಇಳಿಯುತ್ತದೆ. ನೋವು ಗರಿಷ್ಠವಾಗುವುದು ಒಂದರಿಂದ ಮೂರು ದಿನಗಳ ನಡುವೆ. ಕುಮಾರ ಪರ್ವತವನ್ನು ಹತ್ತಿ ಇಳಿದವರ ತೊಡೆ ಹಿಡಿದುಕೊಳ್ಳುವುದಕ್ಕೆ ಹೆಚ್ಚಿನ ಕಾರಣ ಇಳಿತ, ಏಕೆಂದರೆ ಆಗ ಕ್ವಾಡ್ರಿಸೆಪ್ಸ್ ಉದ್ದವಾಗುತ್ತಾ ದೇಹದ ಭಾರವನ್ನು ತಡೆಯುತ್ತದೆ, ಎಳೆಗಳಿಗೆ ಸೂಕ್ಷ್ಮ ಹಾನಿಯಾಗುತ್ತದೆ. ಇನ್ನೊಂದು ತಪ್ಪು, 220ರಿಂದ ವಯಸ್ಸು ಕಳೆದು ಬಂದದ್ದನ್ನು ಒಬ್ಬ ವ್ಯಕ್ತಿಯ ಗರಿಷ್ಠ ಹೃದಯ ಬಡಿತವೆಂದು ನಂಬುವುದು. ಅದು ಗುಂಪಿನ ಅಂದಾಜು. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಸಹಜ. ಮೂರನೆಯದು, 'ಸರಿಯಾದ' ಚಲನೆ ಒಂದೇ ಎಂಬ ನಂಬಿಕೆ. ರಷ್ಯಾದ ಬರ್ನ್‌ಸ್ಟೀನ್ 1920ರ ದಶಕದಲ್ಲಿ ಸುತ್ತಿಗೆ ಹೊಡೆಯುವ ಪಳಗಿದ ಕೆಲಸಗಾರರನ್ನು ಚಿತ್ರಿಸಿದಾಗ ಸುತ್ತಿಗೆಯ ತುದಿ ಪ್ರತಿಸಲ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದರೂ ಭುಜ, ಮೊಣಕೈಗಳ ಕೋನ ಬದಲಾಗುತ್ತಲೇ ಇತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ, ಕುಕ್ಕರಗಾಲಲ್ಲಿ ಕೆಲಸ ಮಾಡುವ, ಬರಿಗಾಲಲ್ಲಿ ನಡೆಯುವ ನಮ್ಮ ಜನರನ್ನು ಕುರ್ಚಿ ಮತ್ತು ಬೂಟಿನ ದೇಶದ ಪಠ್ಯದಿಂದ ಅಳೆಯುವಾಗ ಇದು ನೆನಪಿರಬೇಕು. 1968ರ ಸುಮಾರಿಗೆ ರೂಪುಗೊಂಡ ಜೈಪುರ ಪಾದ ಎಂಬ ಕೃತಕ ಪಾದ ಗೆದ್ದದ್ದು, ಬಳಸುವವರು ಹೇಗೆ ಕೂರುತ್ತಾರೆ, ಎಲ್ಲಿ ನಡೆಯುತ್ತಾರೆ ಎಂಬುದನ್ನು ಮೊದಲು ನೋಡಿದ್ದರಿಂದ.

ಸೇರುವ ಮುನ್ನ ಎಚ್ಚರಿಕೆ

ಚಲನ ವಿಜ್ಞಾನದ ಪದವಿ ಮತ್ತು ಫಿಸಿಯೋಥೆರಪಿ ಪದವಿ ಒಂದೇ ಅಲ್ಲ. ಭಾರತದಲ್ಲಿ ಫಿಸಿಯೋಥೆರಪಿ 2021ರ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ಅಡಿಯಲ್ಲಿ ಬರುವ ವೃತ್ತಿ. ವ್ಯಾಯಾಮ ಅಥವಾ ಕ್ರೀಡಾ ವಿಜ್ಞಾನದ ಬಿ.ಎಸ್ಸಿ. ಇಟ್ಟುಕೊಂಡು ರೋಗಿಗೆ ಫಿಸಿಯೋಥೆರಪಿ ಚಿಕಿತ್ಸೆ ಕೊಡಲು ಹೊರಡುವಂತಿಲ್ಲ. ಚಿಕಿತ್ಸೆಯೇ ಗುರಿಯಾದರೆ ಬಿಪಿಟಿಗೇ ಸೇರಿ. ಕ್ರೀಡಾಪಟುಗಳ ಸಾಮರ್ಥ್ಯ ಪರೀಕ್ಷೆ, ತರಬೇತಿಯ ಯೋಜನೆ, ಕಾರ್ಖಾನೆಗಳಲ್ಲಿ ಕೆಲಸದ ಭಂಗಿಯ ಸುಧಾರಣೆ, ಕೃತಕ ಅಂಗಗಳ ವಿನ್ಯಾಸ, ಸಂಶೋಧನೆ ಇವುಗಳತ್ತ ಮನಸ್ಸಿದ್ದರೆ ಚಲನ ವಿಜ್ಞಾನ ಸೂಕ್ತ, ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಸ್ನಾತಕೋತ್ತರ ಪದವಿಯೂ ಬೇಕಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ. ಹೊರದೇಶಕ್ಕೆ ಹೋಗುವವರು ಆ ಪ್ರದೇಶದ ನಿಯಮವನ್ನೇ ನೋಡಬೇಕು. ಕೆನಡಾದ ಒಂಟಾರಿಯೊದಲ್ಲಿ ಕೈನೀಸಿಯಾಲಜಿಸ್ಟ್ ನೋಂದಣಿ ಬೇಕಾದ ವೃತ್ತಿ, ಎಲ್ಲ ಪ್ರಾಂತ್ಯಗಳಲ್ಲೂ ಹಾಗಿಲ್ಲ. ಕಾಲೇಜು ಆರಿಸುವಾಗ ಕಟ್ಟಡ ನೋಡುವುದಕ್ಕಿಂತ ಪಠ್ಯಕ್ರಮದ ಪ್ರತಿ ಕೇಳಿ ಪಡೆಯಿರಿ. ಬಯೋಮೆಕ್ಯಾನಿಕ್ಸ್‌ಗೆ ಪ್ರಯೋಗದ ಗಂಟೆಗಳು ಎಷ್ಟು, ಸಂಖ್ಯಾಶಾಸ್ತ್ರ ಯಾವ ಸೆಮಿಸ್ಟರಿನಲ್ಲಿ ಬರುತ್ತದೆ, ಅಂಗರಚನೆಯನ್ನು ನಿಜವಾದ ಮೂಳೆ ಮತ್ತು ದೇಹದ ಮೇಲೆ ಕಲಿಸುತ್ತಾರೋ ಚಿತ್ರದಲ್ಲೋ, ಕೊನೆಯ ವರ್ಷ ವಿದ್ಯಾರ್ಥಿಯೇ ಅಳತೆ ತೆಗೆದು ಬರೆಯುವ ಕಿರುಸಂಶೋಧನೆ ಇದೆಯೋ ಇಲ್ಲವೋ ಎಂದು ಅಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳನ್ನೇ ವಿಚಾರಿಸಿ ಶುಲ್ಕ ಕಟ್ಟಿ.